ಕೊನೆಯವರೆಗೆ ಆಡಿದವರು

ಬಾಗಿಲು ತೆರೆಯಲಿಲ್ಲ. ಅಕ್ಕ ಮೌಸ್ ಬಿಟ್ಟು, ಬೆರಳ ನೆಟಿಗೆ ತೆಗೆದು, ಮತ್ತೆ ಮೊದಲಿನಿಂದ ಆಡಿದಳು. ಒಂಬತ್ತು ಗಂಟೆಯ ಆಟ, ಇದು ಮೂರನೆಯ ಸಲ. ಮನೆ ಬಿಟ್ಟು ಹೋದವನೊಬ್ಬ ವರ್ಷಗಳ ಮೇಲೆ ನಡೆದುಕೊಂಡು ಮರಳುವ ಕಥೆ. ಹೊಳೆ ದಾಟಿ, ಗುಡ್ಡ ಹತ್ತಿ, ಬೀಗದ ಕೈ ಹುಡುಕಿ ತಂದರೂ ಕೊನೆಗೆ ಆ ಮನೆಯ ಬಾಗಿಲು ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ.

ಅಕ್ಕ-ತಮ್ಮ ಇಬ್ಬರೇ ನಡೆಸುವ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಅದು. ಎರಡು ಮೇಜು, ಒಂದು ಕಿಟಕಿ. ತಾವೇ ಕೊನೆಯವರೆಗೆ ಆಡಿ ನೋಡದ ಆಟವನ್ನು ಮಾರಾಟಕ್ಕೆ ಇಡುವುದಿಲ್ಲ ಎನ್ನುವುದು ಅಂಗಡಿಯ ಕಟ್ಟಳೆ. ಪ್ರತಿ ಆಟದ ಕೆಳಗೂ 'ಕೊನೆಯವರೆಗೆ ಆಡಿದ್ದೇವೆ' ಎಂಬ ಮುದ್ರೆ ಇರುತ್ತಿತ್ತು. ದೊಡ್ಡ ಅಂಗಡಿಯವರು ದಿನಕ್ಕೆ ಐವತ್ತು ಆಟ ತಂದು ಸುರಿಯುವಾಗ ಇವರದು ತಿಂಗಳಿಗೆ ಆರು. ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಜಾರುತ್ತಿದ್ದರು. ಇದೊಂದು ಮುಗಿಯಲಿ, ನಾಳೆಯಿಂದ ಆಡದೆಯೇ ಮುದ್ರೆ ಒತ್ತೋಣ ಎಂದು ತಮ್ಮ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ. ಅಕ್ಕ ಮೌಸ್ ಎಳೆದುಕೊಂಡು ಆಟಕ್ಕೆ ಕೂತಿದ್ದಳು.

ಆಟ ಮಾಡಿದವನನ್ನೇ ಕರೆಸಿದರು. ನಲವತ್ತು ದಾಟಿದ, ಕುರ್ಚಿಯ ತುದಿಯಲ್ಲೇ ಕೂರುವ ಸಂಕೋಚದ ಮನುಷ್ಯ. ನಾಲ್ಕು ವರ್ಷ ಒಬ್ಬನೇ ಕೂತು ಅದನ್ನು ಮಾಡಿದ್ದ. ಬಾಗಿಲು ತೆರೆಯುತ್ತಿಲ್ಲ ಎಂದಾಗ ನಕ್ಕುಬಿಟ್ಟ.

"ನನ್ನ ಕಂಪ್ಯೂಟರಲ್ಲಿ ತೆರೆಯುತ್ತಲ್ಲ ಮೇಡಂ. ದೊಡ್ಡ ಅಂಗಡೀಲಿ ಒಂದು ವರ್ಷದಿಂದ ಮಾರ್ತಾ ಇದೆ. ಹನ್ನೊಂದು ಸಾವಿರ ಜನ ತಗೊಂಡಿದ್ದಾರೆ. ಒಬ್ರೂ ದೂರು ಹೇಳಿಲ್ಲ."

ತಮ್ಮನಿಗೂ ಅಷ್ಟೇ ಬೇಕಿತ್ತು. "ಅಷ್ಟು ಜನಕ್ಕೆ ಕಾಣದ್ದು ನಿಂಗೊಬ್ಳಿಗೆ ಕಾಣ್ತಾ? ಮುದ್ರೆ ಒತ್ತು ಅಕ್ಕ," ಎಂದ.

ಬಂದವನು ಫೋನ್ ತೆಗೆದು ಯಾರೋ ಬರೆದ ಅಭಿಪ್ರಾಯವೊಂದನ್ನು ತೋರಿಸಿದ. ಐದು ನಕ್ಷತ್ರ, ಕೆಳಗೆ 'ಕೊನೆಯ ದೃಶ್ಯದಲ್ಲಿ ಅತ್ತುಬಿಟ್ಟೆ' ಎಂದಿತ್ತು. ಬೇಜಾರಾದಾಗಲೆಲ್ಲ ಇದನ್ನು ಓದಿಕೊಳ್ಳುತ್ತೇನೆ ಎಂದ.

ಅಕ್ಕ ವಾದಕ್ಕೆ ಇಳಿಯಲಿಲ್ಲ. ಮೂರನೆಯ ಸಲ ಅವಳು ಆಡಿದ್ದು ದೊಡ್ಡ ಅಂಗಡಿಯಿಂದಲೇ ಕೊಂಡ ಪ್ರತಿ. ಅದನ್ನು ಬಾಗಿಲಿನ ಎದುರಿಗೇ ನಿಲ್ಲಿಸಿಟ್ಟಿದ್ದಳು. ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅವನು ಬೀಗದ ಕೈ ಹಾಕಿದ. ಇನ್ನೊಮ್ಮೆ ಹಾಕಿದ. ಮೂರನೆಯ ಸಲಕ್ಕೆ ಮುಖ ಇಳಿಯಿತು. ಮಾರಾಟಕ್ಕೆ ಕಳಿಸುವ ದಿನ ಗಡಿಬಿಡಿಯಲ್ಲಿ ಆಟದ ಕೋಡ್‌ನೊಳಗೆ ಬೀಗದ ಕೈಗೆ ಹೊಸ ಹೆಸರು ಕೊಟ್ಟು, ಬಾಗಿಲಿಗೆ ಅದನ್ನು ತಿಳಿಸಲು ಮರೆತಿದ್ದ. ಮನೆಯಲ್ಲಿ ಅವನು ಆಡುತ್ತಿದ್ದದ್ದು ಹಳೆಯ ಪ್ರತಿ. ಅತ್ತವರು ಯಾವ ದೃಶ್ಯ ನೋಡಿ ಅತ್ತರೋ ದೇವರೇ ಬಲ್ಲ.

"ಹಾಗಾದ್ರೆ ಒಬ್ರೂ ಒಳಗೆ ಹೋಗಿಲ್ಲ," ಎಂದ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

ಒಳಗೆ ಏನಿದೆ ಎಂದು ಅಕ್ಕ ಕೇಳಿದಳು. ಅಮ್ಮನ ಧ್ವನಿ ಎಂದ. ತೀರಿಕೊಳ್ಳುವುದಕ್ಕೆ ಒಂದು ವಾರ ಮೊದಲು ಆಸ್ಪತ್ರೆಯಲ್ಲಿ ರೆಕಾರ್ಡ್ ಮಾಡಿಕೊಂಡದ್ದು. ಅವಳ ಒಂದು ಮಾತನ್ನು ನಾಲ್ಕು ಜನ ಕೇಳಲಿ ಎಂದೇ ಇಡೀ ಆಟ ಕಟ್ಟಿದ್ದ.

ಲ್ಯಾಪ್‌ಟಾಪ್ ತೆರೆದು ಅಲ್ಲೇ ಸರಿಪಡಿಸಿದ. ಹತ್ತು ನಿಮಿಷದ ಕೆಲಸ. ಆದರೆ ಆಡಿ ನೋಡಲು ಅವನಿಗೆ ಕೈ ಬರಲಿಲ್ಲ. ಅಕ್ಕನೇ ಕೂತಳು. ತಮ್ಮ ಮುದ್ರೆಯ ಮಾತು ಎತ್ತದೆ ಅವಳ ಹಿಂದೆ ಬಂದು ನಿಂತ. ಬೀಗದ ಕೈ ತಿರುಗಿತು. ಮಂಕು ಬೆಳಕಿನ ಕೋಣೆಯೊಳಗಿಂದ, ಏದುಸಿರಿನ ನಡುವೆ, ಮುದುಕಿಯೊಬ್ಬಳ ಧ್ವನಿ ಬಂತು.

"ಬಂದ್ಯೇನೋ? ಎಷ್ಟು ಹೊತ್ತಿಂದ ಕಾಯ್ತಾ ಇದೀನಿ."