ಬಲಗಾಲಿನ ಹಿಮ್ಮಡಿ

"ಹುಷಾರು ಅಜ್ಜ, ಎಂಟುನೂರು ಕಿಲೋಮೀಟರ್ ಓಡಿರೋ ಶೂ ಅದು," ಎಂದು ಗಿರಾಕಿ ಎದೆಯುಬ್ಬಿಸುವ ಹೊತ್ತಿಗೆ ರಿಪೇರಿ ಅಂಗಡಿಯ ಮುದುಕ ಆಗಲೇ ಅದನ್ನು ತಿರುಗಿಸಿ ಹಿಡಿದಿದ್ದ. ಜನರ ಮುಖ ನೋಡುವುದನ್ನು ಅವನು ಬಿಟ್ಟು ನಲವತ್ತು ವರ್ಷವಾಗಿತ್ತು. ಮುಖ ಏನು ಬೇಕಾದರೂ ಹೇಳುತ್ತದೆ, ಶೂವಿನ ಅಟ್ಟೆಗೆ ಅಷ್ಟು ಜಾಣತನವಿಲ್ಲ.

"ಭಾನುವಾರ ಬೆಟ್ಟದ ಹಾದೀಲಿ ನೂರು ಕಿಲೋಮೀಟರ್ ಓಟ," ಎಂದಳು ಪಕ್ಕದಲ್ಲಿದ್ದ ಗಿರಾಕಿಯ ಹೆಂಡತಿ. "ಆರು ತಿಂಗಳಿಂದ ದಿನಾ ಬೆಳಗ್ಗೆ ಪ್ರಾಕ್ಟೀಸಿಗೆ ಹೋಗ್ತಾರೆ. ಬಂದಮೇಲೆ ಕಾಲಿಗೆ ಎಣ್ಣೆ ತಿಕ್ಕೀ ತಿಕ್ಕೀ ನನ್ನ ಕೈ ಬಿದ್ದುಹೋಗಿದೆ."

ಗಂಡ ಸ್ಟೂಲಿನ ಮೇಲೆ ಕೂತು, ಬೆಟ್ಟ ಹತ್ತುವಾಗ ಉಸಿರು ಹೇಗೆ ಬಿಡಬೇಕೆಂದು ಮುದುಕನಿಗೆ ಪಾಠ ಶುರುಮಾಡಿದ. ಅವನ ಹೊಟ್ಟೆ ತೊಡೆಯ ಮೇಲೆ ಕೂತು ಅದನ್ನೇ ಕೇಳುತ್ತಿತ್ತು.

ಮುದುಕನಿಗೆ ನಗು ಬರಲಿಲ್ಲ, ಹೇಸಿಗೆಯಾಯಿತು. ಎರಡೂ ಶೂಗಳನ್ನು ಬೋರಲು ಹಾಕಿ ಅವಳ ಕಡೆಗೆ ತಳ್ಳಿದ. ಮೇಲೆಲ್ಲ ಮೆತ್ತಿಕೊಂಡಿದ್ದ ಕೆಸರು ಅದೇಕೋ ಅಟ್ಟೆಗೆ ಇಳಿದಿರಲಿಲ್ಲ. ಕಾರ್ಖಾನೆಯಿಂದ ಬಂದ ರಬ್ಬರಿನ ಸಣ್ಣ ಎಳೆಗಳು ಕೂಡ ಇನ್ನೂ ಉದುರಿರಲಿಲ್ಲ. ಬಲಗಾಲಿನ ಹಿಮ್ಮಡಿಯ ಒಂದು ಮೂಲೆ ಮಾತ್ರ ನುಣ್ಣಗೆ ಸವೆದು ಅಂಟು ಬಿಟ್ಟಿತ್ತು.

"ಇದೊಂದೇ ಯಾಕೆ ಹೀಗೆ ಸವೆದಿದೆ?" ಎಂದಳು ಅವಳು.

"ದಿನಾ ಕಾರು ಓಡಿಸೋರ ಶೂ ಎಲ್ಲಾ ಹೀಗೇ ಸವೆಯೋದಮ್ಮ. ಹಿಮ್ಮಡಿ ಊರಿ ಆಕ್ಸಿಲರೇಟರ್ ಒತ್ತೀ ಒತ್ತೀ."

ಉಸಿರಿನ ಪಾಠ ಅಲ್ಲಿಗೇ ನಿಂತಿತು. ಎಷ್ಟು ತೊಳೆದರೂ ಎಣ್ಣೆಯ ವಾಸನೆ ಹೋಗದ ತನ್ನ ಬೆರಳುಗಳನ್ನು ಅವಳು ಒಮ್ಮೆ ನೋಡಿಕೊಂಡಳು. ಆಮೇಲೆ ಅದೇ ಕೈಯನ್ನು ಗಂಡನ ಮೂಗಿನ ಕೆಳಗೆ ಚಾಚಿದಳು.

"ಕಾರಿನ ಕೀ ಇಲ್ಲಿ ಕೊಡಿ. ನೀವು ಮನೆಗೆ ಓಡ್ಕೊಂಡು ಬನ್ನಿ."