ಯುನೂಸ್‌ನ ಹನಿಗಳು

ಗಂಡ ಸತ್ತು ತಿಂಗಳಾಗಿರಲಿಲ್ಲ, ಶಹನಾಜ ಬಳೆಗಾರನ ಮುಂದೆ ಕೈ ಚಾಚಿ ಕೂತಿದ್ದಳು.

"ಬಣ್ಣ ಯಾವುದರ ಇರ್ಲಿ," ಅಂದಳು. "ಸಪ್ಪಳ ಆಗಬೇಕ ನೋಡ್ರಿ."

ದುಮ್ಮವಾಡದ ಆ ಓಣಿಗೆ ಇಷ್ಟು ಸಾಕಾಗಿತ್ತು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೆ ಸಿಂಗಾರ ಮಾಡಿಕೊಳ್ಳುವಂತಿಲ್ಲ, ಸುಮ್ಮಸುಮ್ಮನೆ ಹೊಸ್ತಿಲು ದಾಟುವಂತಿಲ್ಲ. ಈಕೆ ನೋಡಿದರೆ ತವರಿಗೆ ಬಂದು ಕೂತಿದ್ದಾಳೆ, ಕೈತುಂಬ ಬಳೆ. ಮೇಲೆ ದಿನಾ ಬೆಳಿಗ್ಗೆ ಮಡಿವಾಳೆಪ್ಪನ ಐಸ್‌ಕ್ರೀಮ್ ಅಂಗಡಿಗೆ ಹೋಗಿ, ಸೆರಗಿನಡಿ ಏನನ್ನೋ ಮುಚ್ಚಿಕೊಂಡು ಬರುತ್ತಾಳೆ. ಬಾಯಿಗೆ ಬೀಗ ಹಾಕಿಕೊಳ್ಳುವ ಓಣಿಯಲ್ಲ ಅದು.

ಎದುರು ಮನೆಯ ಖಾಸಿಂಬಿ ತಡೆಯಲಾರದೆ ಕೇಳಿಯೇಬಿಟ್ಟಳು. "ಅಲ್ಲಬೇ ಶಹನಾಜ, ಯುನೂಸ್ ಹೋಗಿ ಎಷ್ಟ ದಿನಾ ಆತು? ನಿನಗ ನಾಚಿಕಿ ಬರೂದಿಲ್ಲೇನು?"

"ಸಣ್ಣಗ ಮಾತಾಡ್ರಿ ಖಾಲಾ. ಒಳಗ ಕೇಳಸ್ತೈತಿ."

ನಾಚಿಕೆ ನಿಜಕ್ಕೂ ಬಂದಿರಲಿಲ್ಲ. ಅಳುವೂ ಬಂದಿರಲಿಲ್ಲ. ಬಹಳ ಹೊತ್ತು ಕೂತ ಕಾಲಿನ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು.

ಒಳಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವರು ಅತ್ತೆ ರಜಿಯಾಬೇಗಂ, ಯುನೂಸ್‌ನ ತಾಯಿ. ಮಗ ಸತ್ತ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಗಂಡನ ಊರು ಶಲವಡಿಯ ಮನೆಗೆ ಸುಣ್ಣ ಹಚ್ಚಲೆಂದು ಸುಣ್ಣದ ಕಲ್ಲಿಗೆ ನೀರು ಹೊಯ್ದಾಗ, ಅದು ಕುದ್ದು ಸಿಡಿದು ಅವರ ಎರಡೂ ಕಣ್ಣು ಸುಟ್ಟಿದ್ದವು. ಎಡಗಣ್ಣು ಹೋಯಿತು. ಬಲಗಣ್ಣಿಗೆ ಹುಬ್ಬಳ್ಳಿಯ ಡಾಕ್ಟರು ಒಂದು ದಾರಿ ಹೇಳಿದರು. ಮಗನ ಕಣ್ಣಂಚಿನಿಂದ ಜೋಳದ ಕಾಳಿಗಿಂತ ಚಿಕ್ಕ ಚೂರು ತೆಗೆದು, ಅದರ ಕಾಂಡಕೋಶಗಳನ್ನು ತಾಯಿಯ ಕಣ್ಣಿನ ಮೇಲೆ ನೆಡುವುದು.

"ಅವು ಬೀಜ ಇದ್ದಂಗ್ರಿ," ಅಂದಿದ್ದರು ಡಾಕ್ಟರು. "ಬಿತ್ತಿದ್ರಷ್ಟ ಆಗೂದಿಲ್ಲ. ರಕ್ತದಾಗಿನ ಕೆಂಪು ತಗದ ಮ್ಯಾಲ ಒಂದ ತಿಳಿ ಉಳೀತೈತಲ್ಲ, ಅದನ್ನ ಹನಿ ಹನಿ ಹಾಕ್ಕೋತ ಇದ್ರ ಬೆಳೀತಾವ. ಕಣ್ಣೀರು ಮಾತ್ರ ಅಗದಿ ಬ್ಯಾಡ. ಅತ್ತರ ಎಳೀ ಪದರು ಕಿತ್ತ ಬರತೈತಿ."

ರಜಿಯಾಬೇಗಂರಿಗೆ ಸಕ್ಕರೆ ಕಾಯಿಲೆ, ಮೇಲೆ ರಕ್ತಹೀನತೆ. ಅವರ ರಕ್ತ ನಡೆಯಲಿಲ್ಲ. ಯುನೂಸ್ ತೋಳು ಚಾಚಿದ. "ತಗೋರಿ ಸಾಹೇಬ್ರ. ತೀರಿದ್ರ ಮತ್ತ ಬರ್ತೀನಿ," ಅಂದ.

ಆಪರೇಷನ್ ಆದ ವಾರಕ್ಕೆ ಅವನ ಬೈಕು ಕಡಲೆ ಹೇರಿದ ಟ್ರ್ಯಾಕ್ಟರಿಗೆ ಡಿಕ್ಕಿ ಹೊಡೆಯಿತು. ಅತ್ತೆ ಇನ್ನೂ ಆಸ್ಪತ್ರೆಯಲ್ಲೇ ಇದ್ದರು. ಶಹನಾಜ ಶಲವಡಿಗೆ ಹೋಗಿ ಗಂಡನ ಮುಖ ನೋಡಿ, ತಿರುಗಿ ಬಂದು ಅತ್ತೆಯ ಮಂಚದ ಬಳಿ ಕೂತಳು. "ಅವರು ಜಮಾತಿನವರ ಜೋಡಿ ಧರ್ಮದ ಕೆಲಸಕ್ಕ ಊರೂರು ತಿರಗಾಕ ಹೋಗ್ಯಾರ್ರಿ ಅಮ್ಮಾ. ಫೋನ್ ಬಂದ್ ಇಟ್ಟಾರ," ಅಂದಳು. ಶಲವಡಿಗೆ ಕರೆದೊಯ್ದರೆ ಬಾಗಿಲಲ್ಲೇ ಯಾರಾದರೂ ಗೊಳೋ ಅನ್ನುತ್ತಾರೆ. ಅದಕ್ಕೇ ತನ್ನ ತವರಿಗೆ ಕರೆತಂದಳು. ಕಣ್ಣು ಕಟ್ಟಿದವರಿಗೆ ಕಿವಿ ಚುರುಕು, ಬರಿಗೈ ಗೊತ್ತಾಗಿಬಿಡುತ್ತದೆ. ಅದಕ್ಕೇ ಬಳೆ ಹಾಕಿಸಿಕೊಂಡಳು. ಓಣಿಯವರು ಏನಾದರೂ ಅಂದುಕೊಳ್ಳಲಿ.

ಡಾಕ್ಟರಿಗೆ ಮಾತ್ರ ನಿಜ ಹೇಳಿದ್ದಳು. ಅವರು, "ನಡುವ ಬ್ಯಾರೆಯವರ ರಕ್ತ ಹಚ್ಚೂದು ಬ್ಯಾಡವ್ವಾ. ಇದ್ದದ್ದರಾಗ ಮುಗಸೂಣು," ಅಂದಿದ್ದರು. ಇದ್ದ ಆ ರಕ್ತದ ತಿಳಿ ಮಡಿವಾಳೆಪ್ಪನ ಫ್ರೀಜರಿನಲ್ಲಿತ್ತು. ಕುಲ್ಫಿಗಳ ಬಾಜು, ಸಣ್ಣ ಸಣ್ಣ ಬಾಟಲಿಗಳಲ್ಲಿ ಹೆಪ್ಪುಗಟ್ಟಿ ಕೂತಿತ್ತು.

ಮೊದಮೊದಲು ಅತ್ತೆ ದಿನಾ ಕೇಳುತ್ತಿದ್ದರು, "ಯುನೂಸ್ ಫೋನ್ ಮಾಡಿದ್ನೇನು?" ಶಹನಾಜ ಏನೋ ಒಂದು ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಹನಿ ಹಾಕುವಾಗ ಅತ್ತೆ ತಲೆ ಅಲುಗಿಸಿದರು. ಹನಿ ಕೆನ್ನೆಗೆ ಜಾರಿತು.

"ಅಯ್ಯೋ, ಹೋತಲ್ಲ!" ಶಹನಾಜ ಚೀರಿದಳು. ತನ್ನ ದನಿಗೆ ತಾನೇ ಬೆಚ್ಚಿದಳು.  ಅಂದಿನಿಂದ ಹನಿ ಹಾಕುವಾಗ ಅತ್ತೆ ಉಸಿರು ಬಿಗಿಹಿಡಿದು ಮಲಗತೊಡಗಿದರು.

ಬರಬರುತ್ತ ಅವರು ಮಗನ ಮಾತನ್ನೇ ಎತ್ತಲಿಲ್ಲ. ರೊಟ್ಟಿ ಬಿಸಿಯಿದೆಯೇ ಅನ್ನುತ್ತಿದ್ದರು, ಹನಿಯ ಹೊತ್ತಾಯಿತೇ ಅನ್ನುತ್ತಿದ್ದರು. ಶಹನಾಜಳಿಗೆ ಮೊದಲು ಹಾಯೆನಿಸಿತು, ಆಮೇಲೆ ಸಿಟ್ಟು ಬಂತು. ಹಡೆದ ಮಗ ಎಲ್ಲಿದ್ದಾನೆಂದು ಒಂದು ಮಾತು ಕೇಳಬಾರದೆ? ತನ್ನ ಕಣ್ಣಿನದೇ ಚಿಂತೆಯಾಯಿತಲ್ಲ ಈ ಮುದುಕಿಗೆ!

"ನಿನ್ನ ಕೈಯಾನ ಬಳಿ ಛಲೋ ಸಪ್ಪಳ ಮಾಡ್ತಾವ ನೋಡು," ಎಂದು ಒಮ್ಮೆ ಅತ್ತೆ ಅಂದಾಗ ಎದ್ದು ಹಿತ್ತಲಿಗೆ ಹೋಗಿ ನಿಂತುಬಿಟ್ಟಳು. ಅಳಬೇಕೆಂದು ನೋಡಿದಳು. ಬರಲಿಲ್ಲ.

ಕೊನೆಯ ಬಾಟಲಿ ತೀರಿದ ಮೇಲೆ ಇಬ್ಬರೂ ಹುಬ್ಬಳ್ಳಿಗೆ ಹೋದರು. ಡಾಕ್ಟರು ಪಟ್ಟಿ ಬಿಚ್ಚಿ, ದೀಪ ಹಿಡಿದು, ಒಳಗೆ ಇಣುಕಿ ನೋಡಿದರು.

"ಹಿಡದೈತ್ರಿ. ಪದರು ಪೂರಾ ಬೆಳದೈತಿ. ಇನ್ನ ಆ ಹನಿ ಬ್ಯಾಡ."

ಇಂದು ಹೇಳಲೇಬೇಕೆಂದು ಶಹನಾಜ ಬಸ್ಸಿನಲ್ಲೇ ನಿಶ್ಚಯಿಸಿದ್ದಳು. ಬಾಯಿ ತೆರೆದಳು. ಅಷ್ಟರಲ್ಲಿ ರಜಿಯಾಬೇಗಂ ಅವಳತ್ತ ತಿರುಗಿ ಮುಖವನ್ನು ಬಹಳ ಹೊತ್ತು ನೋಡಿದರು. ನಿದ್ದೆಯಿಲ್ಲದ ಕಣ್ಣು, ಇಳಿದ ಗಲ್ಲ, ಎಲ್ಲವನ್ನೂ ನೋಡಿದರು. ಆಮೇಲೆ ಡಾಕ್ಟರನ್ನು ಕೇಳಿದರು.

"ಹಂಗಾರ ಇನ್ನ ಅತ್ತರ ನಡೀತೈತೇನ್ರಿ?"

ಡಾಕ್ಟರು ಶಹನಾಜಳ ಕಡೆ ನೋಡಿದರು. "ನಡೀತೈತ್ರಿ ಅಮ್ಮಾ... ಆದ್ರ ಎದಕ್ಕ ಅಳ್ತೀರಿ?"

"ಮಗಾ ಇದ್ದಿದ್ರ ರಕ್ತ ಮತ್ತ ಕೊಡ್ತಿದ್ದನಲ್ರಿ; ಈಕಿ ಒಂದ ಹನಿಗೆ ಚೀರಿದ ದಿನಾನ ನನಗ ತಿಳೀತು, ಅತ್ತರ ಕಣ್ಣಾಗ ಉಳದಿದ್ದ ಅವನೂ ತೊಳದ ಹೋಗ್ತಾನಂತ ತಡಕೊಂಡಿದ್ದೆ."