ಎರಡು ಬೀಗದ ಕೈ, ಹದಿನೆಂಟು ತಿರುವು

ಟಕ್ ಅಂತ ಸದ್ದಾದ ಮೇಲೇ ಗೋವಿಂದಮ್ಮಾಳಿಗೆ ತಾನು ಮಾಡಿದ್ದೇನೆಂದು ಗೊತ್ತಾದದ್ದು. ಮೇಘಮಲೆಯ ನೆತ್ತಿಯಲ್ಲಿ, ಚಹಾ ತೋಟದ ಅಂಚಿನ ಬಂಡೆಯ ಮೇಲೆ ಅವಳೂ ಗೋಮತಿಯೂ ಇನ್ನು ಮೂವರು ಗೆಳತಿಯರೂ ಬಾಳೆಲೆ ಹಾಸಿಕೊಂಡು ಕೂತಿದ್ದರು. ಅಷ್ಟರಲ್ಲಿ ಕೋತಿಯೊಂದು ಬಂತು. ಗಾಬರಿಯಲ್ಲಿ ಗೋವಿಂದಮ್ಮಾಳ್ ಬುತ್ತಿಯಿದ್ದ ತಗಡಿನ ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು, ಕೊಂಡಿಯಲ್ಲಿ ತೂಗುತ್ತಿದ್ದ ಬೀಗವನ್ನೂ ಒತ್ತಿಬಿಟ್ಟಳು. ಕೋತಿ ಸಪ್ಪೆ ಮೋರೆ ಹಾಕಿಕೊಂಡು ಹೋಯಿತು. ಐವರೂ ಅದಕ್ಕಿಂತ ಸಪ್ಪೆ ಮೋರೆ ಹಾಕಿಕೊಂಡು ಪೆಟ್ಟಿಗೆ ನೋಡುತ್ತ ಕೂತರು.

ಪೆಟ್ಟಿಗೆ ಚಿನ್ನಮನೂರಿನ ಅವರ ಬೀದಿಯ ಪೆರುಮಾಳ್ ಗುಡಿಯದು, ದೀಪ ಗಂಟೆ ತಟ್ಟೆ ಇಡುವಂಥದ್ದು. ಬೀಗ, ಬೀಗಕ್ಕೇ ಹೆಸರಾದ ದಿಂಡಿಗಲ್ಲಿನದು. ಒತ್ತಿದರೆ ತಾನೇ ಬೀಳುತ್ತದೆ, ತೆಗೆಯಬೇಕಾದರೆ ಮಾತ್ರ ಎರಡು ಬೀಗದ ಕೈ ಒಟ್ಟಿಗೆ ತಿರುಗಬೇಕು. ಅವರ ಮಾತಿನಲ್ಲಿ ಬೀಗ ಅಂದರೆ ಪೂಟ್ಟು, ಬೀಗದ ಕೈ ಅಂದರೆ ಸಾವಿ. ಒಂದು ಗೋವಿಂದಮ್ಮಾಳ ಮನೆಯದು, ಸದಾ ಅವಳ ಸೊಂಟದ ಎಲೆಯಡಿಕೆ ಚೀಲದಲ್ಲಿರುತ್ತದೆ. ಇನ್ನೊಂದು ಪಕ್ಕದ ಮನೆ ರಂಗಮ್ಮಾಳದು. ಒಂದು ಮನೆಯ ಕೈ ಇನ್ನೊಬ್ಬರ ಕೈಗೆ ಹೋಗಕೂಡದೆಂಬುದು ಅಜ್ಜಿಯರ ಕಾಲದ ಕಟ್ಟಳೆ. ಪುರಟ್ಟಾಸಿ ತಿಂಗಳ ಕಡೇ ಶನಿವಾರದ ಪೂಜೆಗೆಂದು ದೀಪಗಳನ್ನೆಲ್ಲ ತೊಳೆದು ಒಣಗಲು ಇಟ್ಟಿದ್ದರಿಂದ ಪೆಟ್ಟಿಗೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಕೋತಿ ಕಾಟಕ್ಕೆ ಇದೇ ಸರಿ ಎಂದು ಪುಳಿಯೋಗರೆ, ಮೊಸರನ್ನ, ಮೆಣಸಿನ ವಡೆ ಎಲ್ಲವನ್ನೂ ಅದಕ್ಕೇ ತುಂಬಿದ ಮಹಾ ಜಾಣೆಯೂ ಗೋವಿಂದಮ್ಮಾಳೇ.

"ನಮ್ಮಣ್ಣ ಮಾಡಿದ ಪೂಟ್ಟು ಅಕ್ಕಾ. ಕಲ್ಲಲ್ಲಿ ಕುಟ್ಟುದ್ರೆ ಕಲ್ಲೇ ಒಡೀತದೆ," ಎಂದಳು ಗೋಮತಿ.

"ಈಗ ನಿಮ್ಮಣ್ಣನ್ನ ಹೊಗಳೋ ಹೊತ್ತಾ ಇದು?" ಎಂದು ಗೋವಿಂದಮ್ಮಾಳ್ ಗದರಿದಳು.

ಬಂಡೆಯ ಪಕ್ಕದ ಚಹಾ ಅಂಗಡಿಯವನು ಹಾರೆ ಕೊಡುತ್ತೇನೆಂದ. ಪೆರುಮಾಳ್ ಪೆಟ್ಟಿಗೆಗೆ ಹಾರೆಯೇ ಎಂದು ಗೋವಿಂದಮ್ಮಾಳ್ ಎರಡೂ ಕೆನ್ನೆ ಬಡಿದುಕೊಂಡಳು. ತಿನ್ನಲು ಅವನಲ್ಲಿ ಏನೂ ಇರಲಿಲ್ಲ, ಅವನ ಬನ್ನುಗಳನ್ನು ಕೋತಿಗಳು ಬೆಳಗ್ಗೆಯೇ ಮುಗಿಸಿದ್ದವು. ಆದರೆ ಗೋವಿಂದಮ್ಮಾಳಿಗೆ ಹಸಿವಿಗಿಂತ ದೊಡ್ಡ ಸಂಕಟ ಬೇರೆ ಇತ್ತು. ಹೋದ ವರ್ಷ ಕೊಡೈಕೆನಾಲಿಗೆ ಹೋದಾಗ ರಂಗಮ್ಮಾಳ್ ಪ್ರತಿ ತಿರುವಿಗೂ ವ್ಯಾನು ನಿಲ್ಲಿಸಿ ವಾಂತಿ ಮಾಡಿಕೊಂಡಿದ್ದಳು. ಕೆರೆ ಕಾಣುವ ಹೊತ್ತಿಗೆ ವಾಪಸು ಹೊರಡುವ ಹೊತ್ತಾಗಿತ್ತು. ಅದಕ್ಕೇ ಈ ಸಲ ಅವಳನ್ನು ಬಿಟ್ಟು ಸೇಕರನ ವ್ಯಾನಿನಲ್ಲಿ ಬಂದರು. ಗೋಮತಿಯ ಅತ್ತೆ ಕಾಲು ಮುರಿದುಕೊಂಡು ದಿಂಡಿಗಲ್ ಆಸ್ಪತ್ರೆಯಲ್ಲಿದ್ದಾಳೆ, ನೋಡಿಕೊಂಡು ಬರುತ್ತೇವೆ ಎಂದು ಸುಳ್ಳು ಹೇಳಿದವಳು ಇದೇ ಗೋವಿಂದಮ್ಮಾಳ್. ಅವಳೂ ರಂಗಮ್ಮಾಳೂ ಮೂವತ್ತು ವರ್ಷದಿಂದ ಒಂದೇ ಗೋಡೆಯ ಆಚೆ ಈಚೆ ಇದ್ದವರು, ಸಾರು ಉಪ್ಪಾದರೂ ಕೂಗಿ ಹೇಳುವವರು. ಮುಚ್ಚಿಡೋಣವೆಂದರೆ ಆಗುವ ಹಾಗೂ ಇಲ್ಲ. ನಾಳೆ ಪೂಜೆಗೆ ಪೆಟ್ಟಿಗೆ ತೆಗೆಯಲೇಬೇಕು, ತೆಗೆಯುವಾಗ ರಂಗಮ್ಮಾಳ್ ಪಕ್ಕದಲ್ಲೇ ಕೂತಿರುತ್ತಾಳೆ, ಒಳಗೆ ಹಳಸಿದ ಮೊಸರನ್ನವಿರುತ್ತದೆ.

ಸಿಗ್ನಲ್ ಸಿಗುತ್ತಿದ್ದದ್ದು ಆ ಬಂಡೆಯ ತುದಿಯಲ್ಲಿ ಮಾತ್ರ. ಗೋವಿಂದಮ್ಮಾಳ್ ಅಲ್ಲಿ ನಿಂತು ಫೋನು ಮಾಡಿದಳು.

"ಅಕ್ಕಾ, ನಿನ್ನ ಸಾವಿ ಬೇಕಾಗದೆ. ಪೆಟ್ಟಿಗೆ ಪೂಟ್ಟು ಬಿದ್ದೋಯ್ತು."

"ಆಸ್ಪತ್ರೀಲಿ ಪೆಟ್ಟಿಗೆ ಯಾಕೆ?"

ಗೋವಿಂದಮ್ಮಾಳ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಅತ್ತಲಿಂದ ರಂಗಮ್ಮಾಳೇ ಮುಂದುವರಿಸಿದಳು.

"ಗೋಮತಿ ಅತ್ತೆ ಈಗ್ತಾನೆ ಬಂದು ಕರಿಬೇವು ಇಸ್ಕೊಂಡು ಓದಳು. ಮುರ್ದ ಕಾಲಲ್ಲಿ ಚೆನ್ನಾಗೇ ನಡೀತಾಳೆ."

"ಅಯ್ಯೋ, ಅತ್ತೆಗೆ ಹೇಳಿಕೊಡೋದು ಮರ್ತೋಯ್ತು," ಎಂದು ಗೋಮತಿ ಹಿಂದಿನಿಂದ ಪಿಸುಗುಟ್ಟಿದಳು.

"ಮೇಘಮಲೇಲಿ ಇದ್ದೀವಿ ಅಕ್ಕಾ," ಎಂದಳು ಗೋವಿಂದಮ್ಮಾಳ್. ದನಿ ಎಷ್ಟು ಸಣ್ಣಗಿತ್ತೆಂದರೆ ಅವಳಿಗೇ ಸರಿಯಾಗಿ ಕೇಳಲಿಲ್ಲ.

"ಸೆರಿ. ಬಸ್ಸಿಗೆ ಬತ್ತೀನಿ," ಎಂದು ರಂಗಮ್ಮಾಳ್ ಫೋನಿಟ್ಟಳು.

ಎರಡೂವರೆಗೆ ಬಸ್ಸು ಬಂತು. ರಂಗಮ್ಮಾಳನ್ನು ಎತ್ತಿಕೊಂಡೇ ಇಳಿಸಬೇಕಾಗುತ್ತದೆಂದು ಇಬ್ಬರು ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಅವಳು ಮುಡಿದ ಕನಕಾಂಬರ ಒಂದೂ ಬಾಡದೆ, ಮೂಗಿಗೆ ಹೋಳು ನಿಂಬೆ ಹಿಡಿದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿದಳು. ಬೆಟ್ಟದ ಹದಿನೆಂಟು ತಿರುವೂ ಅವಳನ್ನು ಏನೂ ಮಾಡಿರಲಿಲ್ಲ. ನೇರವಾಗಿ ಬಂದು ಪೆಟ್ಟಿಗೆಯ ಮುಂದೆ ಕೂತು, ತನ್ನ ಬೀಗದ ಕೈ ಸಿಕ್ಕಿಸಿ, ತಿರುಗಿಸದೆ ಸುತ್ತಲೂ ನೋಡಿದಳು.

"ಆಸ್ಪತ್ರೆ ಚೆನ್ನಾಗದೆ. ತಣ್ಣಗದೆ."

"ತಪ್ಪಾಯ್ತಕ್ಕಾ," ಎಂದಳು ಗೋವಿಂದಮ್ಮಾಳ್. ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ನಿನ್ನ ಬುಟ್ಟು ಬಂದಿದ್ದು ದೊಡ್ಡ ತಪ್ಪು."

"ನಿನ್ನ ಸಾವೀನೂ ಆಕು. ವಡೆ ಮೆತ್ತಗಾಯ್ತದೆ."

ಇಬ್ಬರೂ ಒಟ್ಟಿಗೆ ತಿರುಗಿಸಿದರು. ಬೀಗ ತೆರೆದುಕೊಂಡಿತು. ಆಮೇಲೆ ಬಂಡೆಯ ಮೇಲೆ ಎಲೆಯ ಸದ್ದಷ್ಟೇ. ಹಸಿವೂ ಇತ್ತು, ಎದೆಯ ಭಾರವೂ ಇಳಿದಿತ್ತು. ಗೋವಿಂದಮ್ಮಾಳ್ ಒಬ್ಬಳೇ ಒಂಬತ್ತು ವಡೆ ತಿಂದಳು.

ಇಳಿಯುವಾಗ ಎರಡನೇ ತಿರುವಿಗೇ ಅವಳು ಡ್ರೈವರ್ ಸೇಕರನ ಭುಜ ತಟ್ಟಿದಳು. ವ್ಯಾನು ನಿಂತಿತು. ನಾಲ್ಕನೆಯದಕ್ಕೆ ಮತ್ತೆ ನಿಂತಿತು, ಐದನೆಯದಕ್ಕೂ. ರಸ್ತೆ ಬದಿಯಲ್ಲಿ ಬಗ್ಗಿ ನಿಂತ ಗೋವಿಂದಮ್ಮಾಳ ಬೆನ್ನು ನೀವುತ್ತ, ಮೂಗಿಗೆ ತನ್ನ ಹೋಳು ನಿಂಬೆ ಹಿಡಿದು, ರಂಗಮ್ಮಾಳ್ ಗೋಮತಿಯ ಕಡೆ ತಿರುಗಿದಳು.

"ಮುಂದ್ಲ ವರ್ಸ ಇವಳ್ನ ಕರೀಬೇಡ. ನಿಮ್ಮತ್ತೆಗೆ ಇನ್ನೊಂದು ಕಾಲು ಅದೆಯಲ್ಲ."